ಎರಡು ಪರದೆ, ಒಂದು ಕುತ್ತಿಗೆ

ನಾನು ಮಾಡಿಕೊಟ್ಟ ಹೊಸ ಮೇಜು ಡಾಕ್ಟರಮ್ಮನ ಕುತ್ತಿಗೆಯನ್ನು ಇನ್ನಷ್ಟು ಕೆಡಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಒಪ್ಪಿಕೊಳ್ಳುವುದು ವಾಸಿ.

ನಾನು ಆಸ್ಪತ್ರೆಯ ಬಡಗಿ. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಬಾಗಿಲು, ಕಿಟಕಿ, ಔಷಧಿ ಕಪಾಟು, ಕಾಲು ಮುರಿದ ಬೆಂಚು ಎಲ್ಲವೂ ನನ್ನ ಕೈಯಲ್ಲೇ ರಿಪೇರಿ. ಡಾಕ್ಟರಮ್ಮ ಎಂದರೆ ಎರಡನೇ ಮಹಡಿಯ ಕತ್ತಲೆ ಕೋಣೆಯಲ್ಲಿ ಕೂತು ಎಕ್ಸ್‌ರೇ, ಸ್ಕ್ಯಾನಿನ ಚಿತ್ರಗಳನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿ, ಯಾರಿಗೆ ಏನಾಗಿದೆ ಎಂದು ರಿಪೋರ್ಟು ಕೊಡುವವರು. ರೋಗಿಗಳು ಅವರ ಮುಖ ನೋಡಿರುವುದಿಲ್ಲ, ಅವರು ರೋಗಿಗಳ ಮುಖ ನೋಡಿರುವುದಿಲ್ಲ. ನನ್ನ ಮುಖ ಮಾತ್ರ ನೋಡಿದ್ದಾರೆ. ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಊದಿಸಿಕೊಂಡಿದ್ದೆ. ಹೊರಗಿನ ಕ್ಲಿನಿಕ್ಕಿನವನು 'ಬರೀ ಉಳುಕು' ಎಂದು ಪಟ್ಟಿ ಸುತ್ತಿ ಕಳಿಸಿದ್ದ. ಈಯಮ್ಮ ಗೋಡಂಬಿಯಷ್ಟು ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಹಿಡಿದರು. ಬರೆದು ಕಳಿಸಿದ್ದರೆ ಸಾಕಿತ್ತು. ಅಷ್ಟಕ್ಕೇ ಬಿಡದೆ ಕೆಳಗಿಳಿದು ಬಂದು, "ಆರು ವಾರ ಸುತ್ತಿಗೆ ಮುಟ್ಟಿದ್ರೆ ಆಮೇಲೆ ಜನ್ಮದಲ್ಲಿ ಮುಟ್ಟೋಕಾಗಲ್ಲ, ಗೊತ್ತಾಯ್ತಾ?" ಎಂದು ಗದರಿಸಿ ಹೋದರು. ಹಾಗೆ ಗದರಿಸುವವರನ್ನು ಕಂಡರೆ ನನಗೆ ಗೌರವ.

ಈಗ ಅವರದೇ ಕೈ ಕೆಟ್ಟಿತ್ತು. ಕುತ್ತಿಗೆಯಲ್ಲಿ ನರ ಒತ್ತಿಕೊಂಡು ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತಿದ್ದವು. ಒಂದು ಗಂಟೆ ಕೂತರೆ ಮೌಸು ಕೈಯಿಂದ ಜಾರುತ್ತಿತ್ತು. ದೊಡ್ಡ ಸಾಹೇಬರು, ಅಂದರೆ ಆಸ್ಪತ್ರೆಯ ಮೇಲಧಿಕಾರಿ, ಒಂದು ಕಾಗದ ಕೊಟ್ಟಿದ್ದರು. ತಿಂಗಳ ಕೊನೆಯ ದಿನದೊಳಗೆ ಬೆಳಗಿನ ಪಾಳಿಯ ನಾಲ್ಕು ಗಂಟೆ ಪೂರ್ತಿ ಕೂತು ಕೆಲಸ ಮಾಡುವಂತಾದರೆ ಸರಿ. ಇಲ್ಲವಾದರೆ ಡಾಕ್ಟರಮ್ಮನನ್ನು ದಾಖಲೆ ವಿಭಾಗಕ್ಕೆ ಹಾಕಿ, ಚಿತ್ರಗಳನ್ನು ಹೊರಗಿನ ಕಂಪನಿಯೊಂದಕ್ಕೆ ಕಳಿಸಿ ಓದಿಸುವುದು. ದಾಖಲೆ ವಿಭಾಗ ಎಂದರೆ ನೆಲಮಾಳಿಗೆಯಲ್ಲಿ ಫೈಲುಗಳಿಗೆ ಸೀಲು ಒತ್ತುವ ಜಾಗ.

ಹೊಸ ಮೇಜು ಮಾಡಿಸುವ ಯೋಚನೆಯೂ ಸಾಹೇಬರದೇ. ಎಲ್ಲಿಂದಲೋ ಒಂದು ನಕ್ಷೆ ಪ್ರಿಂಟು ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ಒಬ್ಬ ಮನುಷ್ಯ ಕುರ್ಚಿಯ ಮೇಲೆ ಮಡಚುವ ಅಡಿಪಟ್ಟಿಯ ಹಾಗೆ ಕೂತಿದ್ದ. ಮೊಣಕಾಲು ಮೂಲೆಮಟ್ಟ ಹಿಡಿದ ಹಾಗೆ ಲಂಬಕೋನ, ಸೊಂಟ ಮೂಲೆಮಟ್ಟ, ಮೊಣಕೈ ಮೂಲೆಮಟ್ಟ. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ. ನಾನು ಹೋಗಿ ಡಾಕ್ಟರಮ್ಮನನ್ನು ಕೂರಿಸಿ ಟೇಪು ಹಿಡಿದು ಅಳತೆ ತೆಗೆದೆ. ಹತ್ತು ದಿನ ಹಲ್ಲು ಕಚ್ಚಿ ಕೆಲಸ ಮಾಡಿದೆ. ಅಂಚಿಗೆ ಬೀಟೆ ಮರದ ಪಟ್ಟಿ ಹಾಕಿದೆ. ಎರಡು ಉದ್ದುದ್ದ ಪರದೆಗಳನ್ನು ಹಳೆಯದಕ್ಕಿಂತ ಒಂದು ಗೇಣು ಮೇಲೆ, ನಕ್ಷೆಯಲ್ಲಿದ್ದ ಹಾಗೆ, ನಿಲ್ಲಿಸಿದೆ. ಮೂರನೇ ದಿನಕ್ಕೆ ಫೋನು ಬಂತು.

"ಮೇಸ್ತ್ರಿ, ಸ್ವಲ್ಪ ಮೇಲೆ ಬನ್ನಿ."

ಹೋದೆ. ಕೋಣೆಯ ದೀಪ ಹಾಕಿ, ಬಾಗಿಲು ಅಗಲಕ್ಕೆ ತೆರೆದು, ಕುತ್ತಿಗೆಗೆ ಟವೆಲು ಸುತ್ತಿಕೊಂಡು ಕೂತಿದ್ದರು.

"ಮೊದಲು ಒಂದು ಗಂಟೆ ಕೂರ್ತಿದ್ದೆ. ಈಗ ಮುಕ್ಕಾಲು ಗಂಟೆಗೇ ಬೆರಳು ಸತ್ತುಹೋಗ್ತಿವೆ," ಎಂದರು.

ನಾನು ಟೇಪು ತೆಗೆದು ಎಲ್ಲವನ್ನೂ ಮತ್ತೆ ಅಳೆದೆ. ಒಂದು ನೂಲೂ ಆಚೀಚೆ ಇರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಅಳತೆ ಎಲ್ಲ ಸರಿಯಾಗಿದೆ ಡಾಕ್ಟರಮ್ಮ. ನೀವು ಕೂರೋದೇ ಸರಿ ಇಲ್ಲ."

"ಹೌದಾ? ನನ್ನ ಕುತ್ತಿಗೆಗೆ ನಿಮ್ಮ ನಕ್ಷೆ ಓದೋಕೆ ಬರಲ್ಲ ಮೇಸ್ತ್ರಿ. ಒಂದ್ಸಲ ನೀವೇ ಓದಿ ಹೇಳಿ ಅದಕ್ಕೆ."

"ನಾನು ಹೇಳಿದ್ದು ಏನಂದ್ರೆ..."

"ನೀವು ಹೇಳಿದ್ದು ಕೇಳಿಸ್ತು. ಇನ್ನು ಹನ್ನೆರಡು ದಿನ ಇದೆ ನನಗೆ." ಅವರು ಕೈಯನ್ನು ಎರಡು ಸಲ ಜಾಡಿಸಿದರು. "ಇಪ್ಪತ್ತಾರು ವರ್ಷ ಈ ಕಣ್ಣಿಗೆ ಪಾಠ ಹೇಳಿದೀನಿ. ಸೀಲು ಒತ್ತೋಕೆ ಕಣ್ಣೇ ಬೇಡ. ನಿಮ್ಮ ಕೈಲಾದ್ರೆ ಏನಾದ್ರೂ ಮಾಡಿ, ಇಲ್ಲಾಂದ್ರೆ ಹಳೇ ಮೇಜನ್ನೇ ತಂದಿಡಿ, ಬೇಜಾರೇನಿಲ್ಲ."

ಬೇಜಾರೇನಿಲ್ಲ ಎಂದ ಆ ಮಾತು ನನ್ನ ಕೆನ್ನೆಗೆ ಹೊಡೆದ ಹಾಗಾಯಿತು.

ಸಂಜೆ ಮನೆಗೆ ಹೋದಾಗಲೂ ಮೋರೆ ಗಂಟಿಕ್ಕಿಕೊಂಡೇ ಇದ್ದೆ. ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮುಂದಿನ ಕೋಣೆಯಲ್ಲಿ ಆಗ ಒಬ್ಬ ದಪ್ಪನೆಯ ಗಿರಾಕಿ ಅಳತೆ ಕೊಡುತ್ತಾ ನಿಂತಿದ್ದ. ಟೇಪು ಹೊಟ್ಟೆಗೆ ತಾಗಿದ ಕೂಡಲೇ ಉಸಿರು ಎಳೆದುಕೊಂಡು ಎದೆ ಉಬ್ಬಿಸಿದ. ಇವಳು ಸುಮ್ಮನೆ ಬರೆದುಕೊಂಡು, "ಅಣ್ಣಾ, ನಾಳೆ ಬರ್ತಾ ನೀವು ದಿನಾ ಹಾಕೋ ಹಳೇ ಅಂಗಿ ಒಂದು ತಂದ್ಬಿಡಿ," ಎಂದಳು. ಅವನು ಹೋದ ಮೇಲೆ ಬರೆದಿದ್ದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು.

"ಯಾಕೇ ಹರಿದೆ?"

"ಮತ್ತೇನು, ಚೌಕಟ್ಟು ಹಾಕಿಸಲಾ? ಟೇಪು ಕಂಡ್ರೆ ಸಾಕು, ಎಲ್ಲರೂ ಪಟ ತೆಗೆಸ್ಕೊಳ್ಳೋರ ಹಾಗೆ ನಿಲ್ತಾರೆ. ಆ ಅಳತೆಗೆ ಹೊಲಿದ್ರೆ ಕೂತ ತಕ್ಷಣ ಗುಂಡಿ ಕಿತ್ತು ಎದುರಿಗಿದ್ದೋರ ಕಣ್ಣಿಗೆ ಬೀಳುತ್ತೆ. ಹಳೇ ಅಂಗಿ ನೋಡಿದ್ರೆ ಎಲ್ಲಿ ಹಿಗ್ಗಿದೆ, ಎಲ್ಲಿ ಸವೆದಿದೆ, ಎಲ್ಲಾ ಗೊತ್ತಾಗುತ್ತೆ." ಮೆಷಿನ್ನಿಗೆ ದಾರ ಪೋಣಿಸುತ್ತಾ ನನ್ನ ಮುಖ ನೋಡಿದಳು. "ಅದಿರ್ಲಿ, ನಿಮ್ಮ ಮೂತಿ ಯಾಕೆ ಒದ್ದೆ ಗೋಣಿಚೀಲದ ಹಾಗಿದೆ?"

ನಾನು ಅಳತೆ ತೆಗೆದ ದಿನ ಡಾಕ್ಟರಮ್ಮ ಹೇಗೆ ಕೂತಿದ್ದರು ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ಮಕ್ಕಳು ಕೂರುವ ಹಾಗೆ ನೆಟ್ಟಗೆ ಕೂತಿದ್ದರು. ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಪರದೆಗಳು ಆರಿದ್ದವು. ಅವರು ನನ್ನನ್ನು ನೋಡುತ್ತಿದ್ದರು, ಚಿತ್ರವನ್ನಲ್ಲ. ಅಂದರೆ ನಾನು ಅಳೆದದ್ದು ಅಳತೆ ಕೊಡುತ್ತಿರುವ ಹೆಂಗಸನ್ನು. ಕೆಲಸ ಮಾಡುವ ಡಾಕ್ಟರನ್ನು ಅಳೆದೇ ಇರಲಿಲ್ಲ.

"ಲೇ, ನೀನು ಇಷ್ಟು ವರ್ಷ ಇದನ್ನ ಯಾಕೆ ನನಗೆ ಹೇಳಿಲ್ಲ?" ಎಂದೆ.

"ನೀವು ಕೇಳಿದ್ರೆ ತಾನೇ. ನಿಮ್ಮ ಬಾಯಿ ಬಿಡುವಾಗಿದ್ದಾಗ ಹೇಳೋಣ ಅಂತ ಕಾಯ್ತಿದ್ದೆ."

ಮರುದಿನ ಬೆಳಗ್ಗೆ ಎಂಟಕ್ಕೇ ಹಿಂದಿನ ಗೋದಾಮಿಗೆ ಹೋದೆ. ಡಾಕ್ಟರಮ್ಮನ ಹಳೆಯ ಮೇಜು, ಅದರ ಜೊತೆಗೇ ಬದಲಾಯಿಸಿದ್ದ ಹಳೆಯ ಕುರ್ಚಿ ಇನ್ನೂ ಅಲ್ಲೇ ಬಿದ್ದಿದ್ದವು. ಬಾಗಿಲಿನ ಬೆಳಕಿಗೆ ಎಳೆದು ಹಾಕಿ ನೋಡುತ್ತಾ ಹೋದೆ. ಕುರ್ಚಿಯ ಸೀಟಿನ ಮುಂಭಾಗ ಕುಸಿದು ಹೋಗಿತ್ತು, ಹಿಂಭಾಗ ಅಂಗಡಿಯಿಂದ ತಂದ ದಿನದ ಹಾಗೇ ಉಬ್ಬಿಕೊಂಡಿತ್ತು. ಈಯಮ್ಮ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ ಎಂದಾಯಿತು. ಬೆನ್ನೊರಗುವ ಭಾಗದ ಮೇಲಂಚಿನಲ್ಲಿ ಅಂಗೈಯಗಲದ ಒಂದು ಎಣ್ಣೆಗಪ್ಪು ಕಲೆ. ಅದು ತಲೆಗೂದಲಿನ ಕಲೆ. ತುದಿಯಲ್ಲಿ ಕೂತವರ ತಲೆ ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು? ಸೊಂಟ ಮುಂದೆ, ಬೆನ್ನು ಜಾರು, ತಲೆ ಹಿಂದೆ. ಮೇಜಿನ ಬಲಗಡೆ ಅಂಚಿನಲ್ಲಿ ಮೊಣಕೈ ಊರಿದ ಜಾಗ ಬೆಳ್ಳಗೆ ಸವೆದಿತ್ತು. ನಾನು ಆ ಹಳೇ ಕುರ್ಚಿಯಲ್ಲಿ ಹಾಗೇ ಕೂತು ನೋಡಿದೆ. ಎರಡು ನಿಮಿಷಕ್ಕೆ ಕತ್ತು ಹಿಡಿಯಿತು. ಆಕಾಶದಲ್ಲಿ ಗಾಳಿಪಟ ಹುಡುಕುವವನ ಭಂಗಿ ಅದು.

ಯಾಕೆ ಎಂಬುದು ಕುರ್ಚಿಗೆ ಗೊತ್ತಿರಲಿಲ್ಲ. ಮೇಲಕ್ಕೆ ಹೋದೆ.

"ಡಾಕ್ಟರಮ್ಮ, ನಾನು ಮೂಲೇಲಿ ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ನೀವು ನಿಮ್ಮ ಕೆಲಸ ಮಾಡಿ. ನಾನಿದೀನಿ ಅನ್ನೋದನ್ನ ಮರೆತುಬಿಡಿ."

"ನಿಮ್ಮನ್ನ ಮರೆಯೋದು ಸುಲಭ ಅಂದ್ಕೊಂಡ್ರಾ? ಕೆಮ್ಮಬೇಡಿ, ಗೊಣಗಬೇಡಿ."

ದೀಪ ಆರಿತು. ಬಾಗಿಲು ಮುಚ್ಚಿತು. ಎರಡು ಪರದೆಗಳಲ್ಲಿ ಯಾರದೋ ಪಕ್ಕೆಲುಬುಗಳು ಬೂದು ಬಣ್ಣದಲ್ಲಿ ಎದ್ದು ಬಂದವು. ಮೊದಲ ಹತ್ತು ನಿಮಿಷ ಡಾಕ್ಟರಮ್ಮ ನನಗಾಗಿ ನೆಟ್ಟಗೆ ಕೂತಿದ್ದರು. ಆಮೇಲೆ ನಿಜಕ್ಕೂ ಮರೆತರು. ಇಷ್ಟಿಷ್ಟೇ ಮುಂದಕ್ಕೆ ಜಾರಿದರು. ಪರದೆಯ ಮೇಲಿನ ಮೂಲೆ ನೋಡುವಾಗೆಲ್ಲ ಗದ್ದ ಮೇಲಕ್ಕೆ ಎದ್ದಿತು. ರೋಗಿಯ ವಿವರ ಬರೆದು ಕಳಿಸಿದ್ದ ಕೈಯಲ್ಲಿನ ಚೀಟಿ ನೋಡಲು ತಲೆ ಬಗ್ಗಿತು. ಮತ್ತೆ ಗದ್ದ ಮೇಲೆ. ನಾನು ಗೀಟು ಹಾಕುತ್ತಾ ಹೋದೆ. ಒಂದು ಗಂಟೆಯಲ್ಲಿ ಇನ್ನೂರ ಹದಿನಾಲ್ಕು ಸಲ ಗದ್ದ ಎದ್ದಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಪರದೆಯ ಮೇಲಂಚು ಅವರ ಕಣ್ಣಿನ ನೇರಕ್ಕೇ ಇತ್ತು. ಕಣ್ಣು ಹಾಯಿಸಿದರೆ ಸಾಕು, ಗದ್ದ ಎತ್ತುವ ಕೆಲಸವೇ ಇಲ್ಲ. ಗೀಟು ಎಣಿಸಿ ಮುಗಿಸಿ, ಎದುರು ಗೋಡೆಯ ಗಡಿಯಾರದಲ್ಲಿ ಗಂಟೆ ಎಷ್ಟಾಯಿತು ಎಂದು ನೋಡಿದೆ. ಮಸುಕು ಬೆಳಕಿನಲ್ಲಿ ಮುಳ್ಳು ಸರಿಯಾಗಿ ಕಾಣಲಿಲ್ಲ. ಎದ್ದು ಹತ್ತಿರ ಹೋಗಿ, ಎರಡಡಿ ದೂರದಲ್ಲಿ ನಿಂತು, ನನ್ನ ಕನ್ನಡಕ ಸರಿಮಾಡಿಕೊಂಡು, ಗದ್ದ ಎತ್ತಿ ನೋಡಿದೆ.

ಅವರ ಹಾಗೇ ನಾನೂ ಗದ್ದ ಎತ್ತಿದ್ದೆ.

"ಡಾಕ್ಟರಮ್ಮ, ನಿಮ್ಮ ಕನ್ನಡಕ ಕೊಡಿ ಇಲ್ಲಿ!"

ಅವರು ಬೆಚ್ಚಿಬಿದ್ದರು. "ಗೊಣಗಬೇಡಿ ಅಂದಿದ್ದೆ, ಕಿರುಚ್ತೀರಲ್ರೀ!"

ಅವರ ಕನ್ನಡಕವೂ ನನ್ನದರ ಹಾಗೆ ಎರಡು ತರಹದ್ದೇ. ಮೇಲಿನ ಅರ್ಧ ದೂರಕ್ಕೆ, ಕೆಳಗಿನ ಅರ್ಧ ಹತ್ತಿರಕ್ಕೆ. ಪರದೆ ಇರುವುದು ಕೈಯಳತೆಯಲ್ಲಿ. ಅದು ಚೆನ್ನಾಗಿ ಕಾಣಬೇಕಾದರೆ ಗಾಜಿನ ಕೆಳಭಾಗದಿಂದಲೇ ನೋಡಬೇಕು. ಪರದೆ ಮೇಲಿದ್ದಷ್ಟೂ ಗಾಜಿನ ಕೆಳಭಾಗವನ್ನು ಅಲ್ಲಿಗೆ ಒಯ್ಯಲು ಗದ್ದ ಎತ್ತಲೇಬೇಕು. ಹಳೇ ಮೇಜಿನಲ್ಲಿ ಪರದೆ ಗೇಣು ಕೆಳಗಿತ್ತು, ಕುತ್ತಿಗೆ ನಿಧಾನವಾಗಿ ಕೆಟ್ಟಿತು. ನಾನು ಮೇಲೆತ್ತಿದೆ, ಬೇಗ ಕೆಟ್ಟಿತು.

ಡಾಕ್ಟರಮ್ಮ ಕನ್ನಡಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಮೂಳೆ ಡಾಕ್ಟರಿಗೆ ತೋರಿಸ್ದೆ, ನರದ ಡಾಕ್ಟರಿಗೆ ತೋರಿಸ್ದೆ, ನನ್ನ ಕುತ್ತಿಗೆ ಚಿತ್ರ ನಾನೇ ನೋಡ್ಕೊಂಡೆ. ಒಬ್ರೂ ಕನ್ನಡಕದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ, ದಡ್ಡಿ."

"ಪರದೆಗೆ ಮಾತ್ರ ಅಂತ ಬೇರೆ ಕನ್ನಡಕ ಹಾಕ್ಕೊಂಡ್ರೆ?"

"ಅದೂ ಇದೆ ಬ್ಯಾಗಲ್ಲಿ. ಹಾಕ್ಕೊಂಡ್ರೆ ಪರದೆ ಕಾಣುತ್ತೆ, ಕೈಲಿರೋ ಚೀಟಿ ಕಾಣಲ್ಲ. ಬೆಳಗ್ಗೆಯಿಂದ ನೂರು ಚೀಟಿ ಬರುತ್ತೆ. ನೂರು ಸಲ ಕನ್ನಡಕ ಬದಲಾಯಿಸ್ತಾ ಕೂತ್ರೆ, ಯಾರದೋ ಎಡಗಾಲಿನ ರಿಪೋರ್ಟು ಬಲಗಾಲಿಗೆ ಹೋಗುತ್ತೆ."

"ಹಾಗಾದ್ರೆ ಪರದೇನೇ ಇಳಿಸ್ತೀನಿ. ಪುಸ್ತಕ ಓದೋರು ಪುಸ್ತಕಾನ ಎಲ್ಲಿ ಹಿಡ್ಕೊಳ್ತಾರೆ? ಅಲ್ಲಿಗೆ."

ಇಳಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಪರದೆಗಳು ಮೊಳಕ್ಕಿಂತ ಎತ್ತರ. ಮೇಜಿನ ಮೇಲೇ ಕೂರಿಸಿದರೂ ಮೇಲಿನ ಅಂಚು ಎತ್ತರದಲ್ಲೇ ಉಳಿಯುತ್ತಿತ್ತು. ಮೇಜನ್ನೇ ಕೊರೆದು, ಪರದೆಗಳ ಬುಡವನ್ನು ಹಲಗೆಯ ಮಟ್ಟಕ್ಕಿಂತ ಕೆಳಗೆ ಮುಳುಗಿಸಿ, ಅವುಗಳ ಮೇಲ್ತುದಿಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಬೇಕಿತ್ತು. ಹೊಸ ಮೇಜು ಕೊರೆಯಲು ಸಾಹೇಬರ ಅಪ್ಪಣೆ ಬೇಕು. ಕಂಪ್ಯೂಟರ್ ನೋಡಿಕೊಳ್ಳುವ ಗಡ್ಡದ ಮನುಷ್ಯನನ್ನೂ ಅವರು ಕರೆಸಿದರು. ಸದಾ ಕೊರಳಿಗೆ ತಂತಿಯ ಸುರುಳಿ ಹಾಕಿಕೊಂಡು ತಿರುಗುವ ಅವನನ್ನು ಎಲ್ಲರೂ ವೈರಣ್ಣ ಎನ್ನುತ್ತಾರೆ.

ಸಾಹೇಬರು ನಕ್ಷೆಯನ್ನು ಮೇಜಿನ ಮೇಲೆ ಹರವಿ ಬೆರಳಿಟ್ಟರು. "ಇಲ್ಲಿ ನೋಡಪ್ಪ, ಸ್ಪಷ್ಟವಾಗಿದೆ. ಪರದೆ ಕಣ್ಣಿನ ನೇರಕ್ಕೆ. ತಿಳಿದೋರು ಬರೆದಿರೋದು."

"ಈ ನಕ್ಷೇಲಿ ಕೂತಿರೋನಿಗೆ ಕನ್ನಡಕ ಇಲ್ಲ ಸಾರ್."

ಸಾಹೇಬರು ಬಗ್ಗಿ ನೋಡಿದರು. ಗದ್ದ ಎತ್ತಿ ಇನ್ನೊಮ್ಮೆ ನೋಡಿದರು. ಅವರದೂ ಅದೇ ತರಹದ ಕನ್ನಡಕ. ವೈರಣ್ಣ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ ಹಾಗೆ ಮಾಡಿದ.

"ಇವನಿಗೆ ಇಪ್ಪತ್ತೈದು ವಯಸ್ಸಿರ್ಬೇಕು," ಎಂದು ನಾನು ಬಿಡದೆ ಹೇಳಿದೆ. "ನಮ್ಮ ಡಾಕ್ಟರಮ್ಮನಿಗೆ ಐವತ್ತೆರಡು. ಈ ಬೊಂಬೆ ಬಂದು ರಿಪೋರ್ಟು ಬರೆಯುತ್ತೆ ಅನ್ನೋದಾದ್ರೆ ಮೇಜು ಹೀಗೇ ಇರ್ಲಿ."

"ನಿನ್ನ ನಾಲಿಗೆಗೂ ಒಂದು ಬೀಗ ಮಾಡ್ಕೋ ಮಾರಾಯ, ಕಪಾಟಿಗೆಲ್ಲ ಮಾಡ್ತೀಯಲ್ಲ," ಎಂದರು ಸಾಹೇಬರು. ಆದರೆ ಕಾಗದಕ್ಕೆ ಸಹಿ ಹಾಕಿದರು. "ಒಂದೇ ಸಲ. ಕೆಡಿಸಿದ್ರೆ ಇನ್ನೊಂದು ಮೇಜಿಲ್ಲ. ತಾರೀಖು ಮಾತ್ರ ಮುಂದಕ್ಕೆ ಹೋಗಲ್ಲ."

ಒಂದೇ ಸಲ ಎಂದ ಮೇಲೆ ಗರಗಸಕ್ಕೆ ಕೈ ಹಾಕುವ ಹಾಗಿರಲಿಲ್ಲ. ಈ ಸಲ ನಾನು ಟೇಪು ಮುಟ್ಟಲೇ ಇಲ್ಲ. ಗೋದಾಮಿನ ಹಳೇ ಮೇಜನ್ನು ಮೇಲಕ್ಕೆ ಹೊರಿಸಿ, ಅದರ ಹಿಂಭಾಗ ಕತ್ತರಿಸಿ ಎಸೆದು, ಪರದೆಗಳನ್ನು ಗಟ್ಟಿ ಮರದ ಎರಡು ಚೌಕಟ್ಟಿಗೆ ಬಿಗಿದು, ಕೆಳಗೆ ಬೆಣೆ ಕೊಟ್ಟು ನಿಲ್ಲಿಸಿದೆ. ಹಲಗೆಯೂ ಅಲ್ಲ, ಮೇಜೂ ಅಲ್ಲ, ಒಂದು ಅವತಾರ. ವೈರಣ್ಣ ನೋಡಿ, "ಇದೇನಣ್ಣಾ, ಪರದೆಗಳಿಗೆ ತೊಟ್ಟಿಲು ಕಟ್ಟಿದೀಯಾ?" ಎಂದ. ಆದರೂ ಅವನೇ ತಂತಿಗಳನ್ನೆಲ್ಲ ಉದ್ದ ಮಾಡಿಕೊಟ್ಟ.

ಡಾಕ್ಟರಮ್ಮ ಅದರಲ್ಲೇ ಕೆಲಸ ಮಾಡಿದರು. ಪ್ರತಿ ಗಂಟೆಗೊಮ್ಮೆ ಹೋಗಿ ನಾನು ಬೆಣೆ ಬಡಿದೆ.

"ಇನ್ನೊಂದು ಬೆರಳು ಕೆಳಗೆ."

"ಈಗ?"

"ಅತಿಯಾಯ್ತು. ಬಾವಿ ಇಣುಕಿದ ಹಾಗಾಗ್ತಿದೆ. ಅರ್ಧ ಬೆರಳು ಮೇಲೆ."

ಎರಡನೇ ದಿನ ಬೇರೆ ಕಾಟ ಶುರುವಾಯಿತು. ಪರದೆಯ ತಲೆ ಹಿಂದಕ್ಕೆ ಒರಗಿದ್ದರಿಂದ, ಚಾವಣಿಯಲ್ಲಿದ್ದ ಸಣ್ಣ ದೀಪ ನೇರವಾಗಿ ಗಾಜಿನಲ್ಲಿ ಕೂತಿತು. ಕಪ್ಪು ಶ್ವಾಸಕೋಶದ ನಡುವೆ ಒಂದು ಬಿಳಿ ಬೊಟ್ಟು. "ಇದನ್ನ ಗೆಡ್ಡೆ ಅಂತ ಬರೆದುಬಿಟ್ರೆ ಯಾರು ಜವಾಬ್ದಾರಿ ಮೇಸ್ತ್ರಿ?" ಎಂದು ರೇಗಿದರು. ದೀಪ ಪೂರ್ತಿ ಆರಿಸಿದರೆ ಚೀಟಿ ಕಾಣದು, ಕಣ್ಣೂ ಬೇಗ ದಣಿಯುತ್ತದೆ. ದೀಪ ಕಿತ್ತು ಪರದೆಗಳ ಹಿಂದೆ, ಗೋಡೆಗೆ ಮುಖ ಮಾಡಿ ಕಟ್ಟಿದೆ. ಗೋಡೆ ಮಾತ್ರ ಮಂದವಾಗಿ ಬೆಳಗಿತು, ಬೊಟ್ಟು ಹೋಯಿತು. ಬಾಗಿಲಿನ ಗಾಜಿಗೆ ಒಳಗಿನಿಂದ ಕಪ್ಪು ಬಟ್ಟೆ ಬಡಿದೆ. ಬಟ್ಟೆ ನನ್ನ ಹೆಂಡತಿಯದು. ಕೇಳದೆ ತಂದದ್ದಕ್ಕೆ ಸಿಕ್ಕಿದ ಮಂಗಳಾರತಿ ಇಲ್ಲಿ ಬೇಡ.

ಐದನೇ ದಿನ ಬೆಣೆಗೆ ಸುತ್ತಿಗೆ ತಾಗಲಿಲ್ಲ. ಮೇಲೆಯೂ ಬೇಡ, ಕೆಳಗೆಯೂ ಬೇಡ ಎಂದರು. ಆಗ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಪರದೆಯ ಬುಡ ಹಲಗೆಗಿಂತ ಆರು ಬೆರಳು ಕೆಳಗೆ ಹೋಗಿತ್ತು. ಬಲಮೊಣಕೈ ಊರುವ ಜಾಗಕ್ಕೆ ಮೆತ್ತೆ ಹಾಕಿದ ಅಡ್ಡಪಟ್ಟಿಯನ್ನು, ಹಳೇ ಮೇಜು ಸವೆದಿದ್ದ ಜಾಗದ ಲೆಕ್ಕದಲ್ಲೇ ಕೂರಿಸಿದೆ. ನನ್ನ ಹೊಸ ಮೇಜಿನ ಬೀಟೆ ಪಟ್ಟಿಯನ್ನು ನಾನೇ ಕಿತ್ತು ಗರಗಸ ಇಟ್ಟೆ. ಸಂಜೆಯೊಳಗೆ ಕೊರೆದು, ಉಜ್ಜಿ, ಕೂರಿಸಿ ಮುಗಿಸಿದೆ.

ತಿಂಗಳ ಕೊನೆಯ ದಿನ ಬೆಳಗ್ಗೆ ಎಂಟಕ್ಕೆ ಡಾಕ್ಟರಮ್ಮ ಒಳಗೆ ಹೋದರು. ನಾನು ಅದೇ ಮಹಡಿಯಲ್ಲಿ ಒಂದು ಬಾಗಿಲಿನ ಕೀಲು ಸರಿಮಾಡುವ ನೆವ ಹೂಡಿಕೊಂಡು ಸುತ್ತುತ್ತಿದ್ದೆ. ಆ ಕೀಲಿಗೆ ಏನೂ ಆಗಿರಲಿಲ್ಲ. ಒಂಬತ್ತಾಯಿತು. ಹತ್ತಾಯಿತು. ಹತ್ತೂವರೆಗೆ ಬಾಗಿಲು ತೆರೆದು ಹೊರಬಂದರು. ನಾನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದೆ. ನೀರು ಕುಡಿದು, ಬಲಗೈಯನ್ನು ಒಮ್ಮೆ ಜಾಡಿಸಿ, ನನ್ನತ್ತ ನೋಡಿದರು.

"ನೋವಿದೆಯಾ?"

"ಇದೆ. ಎರಡು ವರ್ಷದಲ್ಲಿ ಬಂದಿದ್ದು ಎರಡು ವಾರಕ್ಕೆ ಹೋಗುತ್ತಾ? ಆದ್ರೆ ಕೂತಷ್ಟೂ ಏರ್ತಾ ಇಲ್ಲ. ನೀವು ಆ ಬಾಗಿಲು ಬಿಟ್ಬಿಡಿ ಪಾಪ, ಸ್ಕ್ರೂ ಸವೆದುಹೋಗುತ್ತೆ," ಎಂದು ಒಳಗೆ ಹೋದರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ದೊಡ್ಡ ಸಾಹೇಬರು ಬಂದರು. ಕೈಯಲ್ಲಿ ಆ ಕಾಗದವಿತ್ತು, ಜೇಬಿನಲ್ಲಿ ಪೆನ್ನಿತ್ತು. ಬಾಗಿಲನ್ನು ಒಂದು ಅಡಿಯಷ್ಟು ಸರಿಸಿ ನಿಂತರು. ನಾನು ಅವರ ಹೆಗಲ ಹಿಂದಿನಿಂದ ಇಣುಕಿದೆ. ಡಾಕ್ಟರಮ್ಮ ಮೈಕಿನಲ್ಲಿ ರಿಪೋರ್ಟು ಹೇಳುತ್ತಿದ್ದವರು ನಡುವೆ ನಿಲ್ಲಿಸಿದರು. ಬಲಗಡೆ ಪರದೆಯಲ್ಲಿ ಯಾರದೋ ಎದೆ. ಮೇಲಿನ ತುದಿ, ಹೆಗಲೆಲುಬಿನ ಹಿಂದಿನ ಮೂಲೆ. ಅವರು ಚಿತ್ರವನ್ನು ದೊಡ್ಡದು ಮಾಡಿದರು. ಕಣ್ಣು ಮೇಲಕ್ಕೆ ಹೋಯಿತು, ತಲೆ ಇದ್ದಲ್ಲೇ ಇತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮೇಡಂ..."

"ಷ್!"

ಅವರು ತಿರುಗಿಯೂ ನೋಡದೆ ಫೋನು ಎತ್ತಿಕೊಂಡರು. "ಮೂರನೇ ವಾರ್ಡಾ? ಇವತ್ತು ಮನೆಗೆ ಕಳಿಸೋ ಪಟ್ಟೀಲಿ ಒಬ್ಬ ಅಜ್ಜ ಇದಾರಲ್ಲ, ಕೆಮ್ಮು ಅಂತ ಬಂದೋರು. ಕಳಿಸ್ಬೇಡಿ. ಹೌದು, ಚೀಟಿ ಬರೆದಾಗಿದ್ರೂ ಕಳಿಸ್ಬೇಡಿ. ಬಲಗಡೆ ತುದೀಲಿ ಕಡಲೆಕಾಳಷ್ಟು ಏನೋ ಇದೆ, ಇನ್ನೊಂದು ಸ್ಕ್ಯಾನ್ ಆಗ್ಬೇಕು. ನಾನೇ ಬರ್ತೀನಿ."

ಫೋನು ಇಟ್ಟರು. ಗಡಿಯಾರದಲ್ಲಿ ಹನ್ನೆರಡು ದಾಟಿ ಮೂರು ನಿಮಿಷವಾಗಿತ್ತು.

"ಮೇಡಂ, ಟೈಮ್ ಆಯ್ತು," ಎಂದರು ಸಾಹೇಬರು ಮೆಲ್ಲಗೆ.

"ನಿಮಗೆ ಆಗಿರ್ಬಹುದು ಸಾರ್. ನನಗಿನ್ನೂ ಒಂಬತ್ತು ಜನ ಕಾಯ್ತಿದಾರೆ. ಬಾಗಿಲು ಹಾಕಿ, ಬೆಳಕು ಬೀಳುತ್ತೆ."

ಸಾಹೇಬರು ಬಾಗಿಲು ಹಾಕಿದರು. ಗೋಡೆಗೆ ಕಾಗದ ಇಟ್ಟು ಒಂದು ಸಾಲು ಬರೆದು ಸಹಿ ಮಾಡಿದರು. ಏನು ಬರೆದರೆಂದು ನಾನು ಕೇಳಲಿಲ್ಲ, ಅವರು ಬರೆಯುತ್ತಿದ್ದಾಗಲೇ ಪಕ್ಕದಲ್ಲಿ ನಿಂತು ಓದಿಕೊಂಡಿದ್ದೆ. ಹೊರಗಿನ ಕಂಪನಿಗೆ ಚಿತ್ರ ಕಳಿಸುವ ಅಗತ್ಯವಿಲ್ಲ ಎಂದಿತ್ತು.